ಇಪ್ಪತ್ತು ಮಿಲಿಗ್ರಾಂ

ಬಾಯಿ, ಗಂಟಲಿನ ಕ್ಯಾನ್ಸರಿಗೆ ನಿವೊಲುಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಕೊಡುವ ರೂಢಿಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಮಾತ್ರ ಕೊಟ್ಟು ನೋಡಿದರು. ಆರು ವಾರಗಳ ಲೆಕ್ಕ ಹಾಕಿದರೆ ಅಲ್ಲಿ 720 ಮಿಲಿಗ್ರಾಂ, ಇಲ್ಲಿ 40. ಹದಿನೆಂಟು ಪಾಲು ಮಾಡಿ ಹದಿನೇಳನ್ನು ಬಿಟ್ಟು ಒಂದನ್ನಷ್ಟೇ ರೋಗಿಯ ರಕ್ತಕ್ಕೆ ಸೇರಿಸಿದ ಹಾಗಾಯಿತು.

ಆ ಅಧ್ಯಯನದಲ್ಲಿದ್ದವರು 151 ಮಂದಿ. ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಹಂತ ದಾಟಿದವರು. ಎಲ್ಲರಿಗೂ ಮೂರು ಬಗೆಯ ಮಾತ್ರೆಗಳನ್ನು ಕೊಟ್ಟರು. ಅರ್ಧದಷ್ಟು ಜನರಿಗೆ ಅದರ ಜೊತೆ ಈ 20 ಮಿಲಿಗ್ರಾಂ ಇಂಜೆಕ್ಷನ್. ಒಂದು ವರ್ಷ ಕಳೆದು ನೋಡಿದಾಗ ಬರೀ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 16.3 ಮಂದಿ ಬದುಕಿದ್ದರು. ಇಂಜೆಕ್ಷನ್ ಸಿಕ್ಕವರಲ್ಲಿ ನೂರಕ್ಕೆ 43.4. ವಿಜಯ್ ಪಾಟೀಲ, ಕುಮಾರ್ ಪ್ರಭಾಷ್ ಮತ್ತವರ ಸಂಗಡಿಗರು ಇದನ್ನು 2022ರಲ್ಲಿ ಪ್ರಕಟಿಸಿದರು. ಬದುಕಿದ ಅವಧಿಯ ಮಧ್ಯಬಿಂದು 6.7 ತಿಂಗಳಿಂದ 10.1 ತಿಂಗಳಿಗೆ ಸರಿಯಿತು. ಮೂರು ತಿಂಗಳಷ್ಟೇ ತಾನೆ ಎನ್ನುವವರು ಆ ಮೂರು ತಿಂಗಳಲ್ಲಿ ಮಗಳ ಮದುವೆ ಇದ್ದವರನ್ನು ಕೇಳಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಅಧ್ಯಯನ ಸಣ್ಣ ಡೋಸನ್ನು ದೊಡ್ಡ ಡೋಸಿನ ಎದುರು ನಿಲ್ಲಿಸಿ ಅಳೆದದ್ದಲ್ಲ. ಸಣ್ಣ ಡೋಸನ್ನು, ಇಂಜೆಕ್ಷನ್ನೇ ಸಿಗದಿರುವುದರ ಎದುರು ಅಳೆದದ್ದು. ನಮ್ಮ ದೇಶದಲ್ಲಿ ನಿಜವಾಗಿ ಇದ್ದ ಆಯ್ಕೆಯೂ ಅದೇ. ಪೂರ್ತಿ ಡೋಸಿನ ಖರ್ಚು ತಡೆಯಬಲ್ಲವರು ನೂರರಲ್ಲಿ ಮೂವರೂ ಇರಲಿಲ್ಲ.

ಇಷ್ಟು ಕಡಿಮೆ ಔಷಧಿ ಕೆಲಸ ಮಾಡಿದ್ದು ಹೇಗೆ? ನಮ್ಮ ರೋಗನಿರೋಧಕ ಕೋಶಗಳ ಮೇಲೆ ಪಿಡಿ-1 ಎಂಬ ಒಂದು ತಡೆ ಇರುತ್ತದೆ. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಕಂಡುಹಿಡಿದದ್ದು. ಈ ಕೆಲಸಕ್ಕಾಗಿ ಅವರಿಗೆ 2018ರಲ್ಲಿ ನೊಬೆಲ್ ಬಂತು. ಕ್ಯಾನ್ಸರ್ ಗಂಟು ಆ ತಡೆಯನ್ನು ಒತ್ತಿ ಹಿಡಿದು ನಮ್ಮ ಸೈನಿಕ ಕೋಶಗಳನ್ನು ನಿಲ್ಲಿಸಿಬಿಡುತ್ತದೆ. ಔಷಧಿ ಆ ತಡೆಗೆ ಹೋಗಿ ಅಂಟಿಕೊಂಡು ಗಂಟಿಗೆ ಜಾಗ ಸಿಗದಂತೆ ಮಾಡುತ್ತದೆ. ಅಂಟಿಕೊಳ್ಳುವ ಜಾಗಗಳು ತುಂಬಿದ ಮೇಲೆ ಎಷ್ಟು ಸುರಿದರೂ ಹೆಚ್ಚುವರಿಗೆ ಕೆಲಸವಿಲ್ಲ. ಮೊದಲ ಹಂತದ ಪರೀಕ್ಷೆಗಳಲ್ಲೇ ಇದು ಕಂಡಿತ್ತು. ದೇಹತೂಕದ ಒಂದು ಕಿಲೋಗೆ 0.1 ಮಿಲಿಗ್ರಾಂ ಕೊಟ್ಟರೂ 10 ಮಿಲಿಗ್ರಾಂ ಕೊಟ್ಟರೂ, ಅಂದರೆ ನೂರು ಪಟ್ಟು ವ್ಯತ್ಯಾಸವಿದ್ದರೂ, ತುಂಬಿದ ಜಾಗಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅರವತ್ತು ಕಿಲೋ ತೂಕದವನಿಗೆ 20 ಮಿಲಿಗ್ರಾಂ ಅಂದರೆ ಕಿಲೋಗೆ 0.33. ಸಾಕಾಗುವಷ್ಟು ಇತ್ತು.

ಆ ಮೂರು ಮಾತ್ರೆಗಳಲ್ಲಿ ಒಂದು ಮೆಥೊಟ್ರೆಕ್ಸೇಟ್. ವಾರಕ್ಕೊಮ್ಮೆ ನುಂಗುವಂಥದು. ಅದರ ವಂಶ ಹಿಡಿದು ಹಿಂದೆ ಹೋದರೆ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಸಿಗುತ್ತಾರೆ. ಅವರ ತಂಡ ತಯಾರಿಸಿ ಕೊಟ್ಟ ಅಮಿನಾಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು 1948ರಲ್ಲಿ ವರದಿ ಮಾಡಿದರು. ಹತ್ತು ಮಕ್ಕಳಲ್ಲಿ ರೋಗ ಕೆಲ ಕಾಲ ಹಿಂದೆ ಸರಿದಿತ್ತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅಮಿನಾಪ್ಟೆರಿನ್ನಿನ ಸೋದರ ಔಷಧಿಯಾದ ಮೆಥೊಟ್ರೆಕ್ಸೇಟ್ ಇಂದು ಯಾವುದೇ ಊರಿನ ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಬಾಯಿ ಕ್ಯಾನ್ಸರ್ ಎಂದಾಗ ಬೆಳಗಾವಿಯವರು ಅದನ್ನು ದೂರದ ಮಾತು ಎಂದುಕೊಳ್ಳುವ ಹಾಗಿಲ್ಲ. ಹಿಂದವಾಡಿಯಿಂದ ಗೋವಾವೇಸ್ ಸರ್ಕಲ್‌ವರೆಗೆ ನಡೆದುಹೋಗಿ, ಪಾನ್ ಅಂಗಡಿಗಳ ಮುಂದೆ ತೋರಣದ ಹಾಗೆ ತೂಗುವ ಚೀಟುಗಳನ್ನು ನೋಡಿ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದೆ. ಹಾಗಾಗಿ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಕೂಡಿಸುವ ಕೆಲಸ ಈಗ ಬಾಯಲ್ಲೇ ಆಗುತ್ತದೆ. ಜಿಲ್ಲೆಯ ಉತ್ತರ ತುದಿಯ ನಿಪ್ಪಾಣಿ ತಲೆಮಾರುಗಳಿಂದ ಬೀಡಿ ತಂಬಾಕಿನ ಊರು. ಗುಟ್ಕಾ ಮುಟ್ಟದ ಹೆಂಗಸರಲ್ಲೂ ಬೆಳಗೆದ್ದು ಒಸಡಿಗೆ ಮಿಶ್ರಿ ತಿಕ್ಕುವವರು ನಮ್ಮ ಕಡೆ ಇನ್ನೂ ಇದ್ದಾರೆ. ಸುಟ್ಟ ತಂಬಾಕಿನ ಪುಡಿ ಅದು. ಹಲ್ಲುನೋವಿಗೆ ಒಳ್ಳೇದು ಎಂದು ಶುರುವಾಗಿ ಬಿಡಲಾಗದ ಚಟವಾಗುತ್ತದೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ರೋಗಿಗಳು ಜಗತ್ತಿನಲ್ಲಿ 3.89 ಲಕ್ಷ, ಭಾರತದಲ್ಲಿ 1.43 ಲಕ್ಷ. ಭೂಮಿಯ ಮೇಲಿನ ನೂರು ಹೊಸ ಬಾಯಿ ಕ್ಯಾನ್ಸರುಗಳಲ್ಲಿ 37 ನಮ್ಮವು. ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿದರೆ ದೇಶದಲ್ಲಿ ಆ ವರ್ಷ 14.1 ಲಕ್ಷ ಹೊಸ ರೋಗಿಗಳು, ಲಕ್ಷಕ್ಕೆ ಸುಮಾರು ನೂರು ಜನ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.8 ಲಕ್ಷ. ದೇಶದ ಸರಾಸರಿಯನ್ನೇ ಇಲ್ಲಿಗೆ ಹಚ್ಚಿದರೂ ವರ್ಷಕ್ಕೆ ಸುಮಾರು 4,800 ಮಂದಿ, ದಿನಕ್ಕೆ 13. ಇವತ್ತು ಹದಿಮೂರು ಮನೆಗಳಲ್ಲಿ ಆ ರಿಪೋರ್ಟು ಬಂದಿರಬಹುದು. ನಾಳೆ ಇನ್ನು ಹದಿಮೂರು.

ಈ ರೋಗಿಗಳು ವರ್ಷಗಟ್ಟಲೆ ಹುಬ್ಬಳ್ಳಿಗೆ, ಮೀರಜಿಗೆ, ಐನೂರು ಕಿಲೋಮೀಟರ್ ಆಚೆಯ ಮುಂಬೈ-ಬೆಂಗಳೂರಿಗೆ ಹೋದವರು. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಗೆ ಬಂದು ಕೆಎಲ್ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. 300 ಹಾಸಿಗೆ. ದೊಡ್ಡ ಸಂಖ್ಯೆಯೇ. ದಿನಕ್ಕೆ 13ರ ಲೆಕ್ಕದಲ್ಲಿ ಇಪ್ಪತ್ಮೂರು ದಿನಗಳ ಹೊಸ ರೋಗಿಗಳಷ್ಟು.

ಈಗ ರೋಗದ್ದೇ ಗಣಿತ. ಒಂದು ಕೋಶ ಕೆಟ್ಟು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಮೂವತ್ತು ಸಲ ಇಮ್ಮಡಿಯಾದರೆ 107 ಕೋಟಿ ಕೋಶಗಳು. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಗ್ರಾಂ, ಕಡಲೆಕಾಳಿಗಿಂತ ತುಸು ದೊಡ್ಡ ಗಂಟು. ಬೆರಳಿಗೆ ಸಿಗುವುದು ಆಗ. ಮುಂದೆ ಬರೀ ಹತ್ತು ಸಲ ಇಮ್ಮಡಿಯಾದರೆ ಅದು ಒಂದು ಕಿಲೋ. ‘ಮೊನ್ನೆ ಮೊನ್ನೆ ಕಾಣಿಸಿಕೊಂತ್ರಿ’ ಎಂದು ಡಾಕ್ಟರ ಮುಂದೆ ಹೇಳುವಾಗ, ನಲವತ್ತು ಹೆಜ್ಜೆಗಳ ದಾರಿಯಲ್ಲಿ ಮೂವತ್ತು ಆಗಲೇ ಮುಗಿದಿರುತ್ತವೆ. ಶ್ವಾಸಕೋಶದ ಗಂಟಿಗೆ ಇದು ಅಡಗಿ ಬೆಳೆಯುವ ಅವಕಾಶ. ಬಾಯಿಯಲ್ಲಿ ಹಾಗಲ್ಲ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಎಲ್ಲವೂ ಕನ್ನಡಿಯಲ್ಲಿ ಕಾಣುತ್ತವೆ.

ಬೇಗ ಬಂದವರಿಗೆ ಏನು ಮಾಡಬೇಕೆಂಬ ಪ್ರಶ್ನೆಗೂ ಉತ್ತರ ಸಿಕ್ಕಿದ್ದು ಭಾರತದಲ್ಲೇ. ಬಾಯಿಯ ಗಂಟು ತೆಗೆಯುವಾಗ, ಊತ ಕಾಣದಿದ್ದರೂ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೇ, ಇಲ್ಲ ಕಾದು ನೋಡಬೇಕೇ? ದಶಕಗಳ ಕಾಲ ಶಸ್ತ್ರವೈದ್ಯರು ಇದರ ಮೇಲೆ ವಾದ ಮಾಡಿದರು. ಟಾಟಾ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಅವರ ತಂಡ 2015ರಲ್ಲಿ ಅಂಕಿ ಇಟ್ಟಿತು. ಮೊದಲೇ ತೆಗೆದವರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು ನೂರಕ್ಕೆ 80, ಕಾದು ನೋಡಿದವರಲ್ಲಿ 67.5. ವ್ಯತ್ಯಾಸ 12.5. ಎಂಟು ಜನರಿಗೆ ಮೊದಲೇ ಮಾಡಿದರೆ ಒಂದು ಜೀವ ಉಳಿಯುತ್ತದೆ. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಯಾವಾಗ ಎಂಬುದೊಂದು ಬದಲಾಯಿತು.

ಆಪರೇಷನ್ ಆದ ಮೇಲೆ ಹಲವರಿಗೆ ‘ಕರೆಂಟ್’ ಕೊಡಿಸಬೇಕಾಗುತ್ತದೆ. ರೇಡಿಯೇಷನ್ನಿಗೆ ನಮ್ಮ ಜನ ಹೇಳುವುದು ಹಾಗೆ. ‘ಕರೆಂಟ್ ಕೊಟ್ರ ಒಳಗೆಲ್ಲಾ ಸುಟ್ಟು ಹೋಗತೈತಿ ಅಂತಾರಲ್ರೀ’ ಎಂಬ ಅಂಜಿಕೆಯಿಂದ ನಡುವೆಯೇ ಬಿಟ್ಟು ಊರಿಗೆ ಹೋದವರಿದ್ದಾರೆ. ಅವರಿಗೆ ಈ ಲೆಕ್ಕ ಯಾರಾದರೂ ಕೂತು ಹೇಳಬೇಕಿತ್ತು. ರೇಡಿಯೇಷನ್ ಅಳೆಯುವ ಮಾನ ಗ್ರೇ. ಒಂದು ಕಿಲೋ ಅಂಗಾಂಶಕ್ಕೆ ಒಂದು ಜೌಲ್ ಶಕ್ತಿ. ಬಾಯಿ ಕ್ಯಾನ್ಸರಿಗೆ ಆರು ವಾರಗಳಲ್ಲಿ ಕೊಡುವ ಒಟ್ಟು ಪ್ರಮಾಣ ಸುಮಾರು 60 ಗ್ರೇ. ಅಷ್ಟನ್ನೂ ಒಂದೇ ಸಲ ಒಂದು ಕಿಲೋ ನೀರಿಗೆ ಕೊಟ್ಟರೆ ಅದು ಬಿಸಿಯಾಗುವುದು 0.014 ಡಿಗ್ರಿ. ಒಂದು ಗುಟುಕು ಚಹಾ ಬಾಯಿಗೆ ಇದಕ್ಕಿಂತ ಎಷ್ಟೋ ಹೆಚ್ಚು ಶಾಖ ತರುತ್ತದೆ. ಚರ್ಮ ಕಪ್ಪಾಗುವುದು, ಬಾಯಿ ಹುಣ್ಣಾಗುವುದು ನಿಜ, ಆ ಕಷ್ಟ ಸಣ್ಣದಲ್ಲ. ಆದರೆ ಅದು ಬೆಂಕಿಯ ಸುಡುವಿಕೆಯಲ್ಲ.

ಹಾಗಾದರೆ ಗಂಟು ಸಾಯುವುದು ಯಾತರಿಂದ? ಯಂತ್ರದೊಳಗೆ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ನೂರಕ್ಕೆ 99ಕ್ಕೂ ಮೀರಿ ಓಡಿಸಿ ಲೋಹದ ತಗಡಿಗೆ ಬಡಿಯುತ್ತಾರೆ. ಹೊರಬರುವ ಎಕ್ಸ್‌ರೇ ಕಿರಣಗಳು ಕೋಶದೊಳಗೆ ಸುರುಳಿ ಸುತ್ತಿಕೊಂಡ ಎರಡು ಮೀಟರ್ ಉದ್ದದ ಡಿಎನ್ಎಯನ್ನು ಕತ್ತರಿಸುತ್ತವೆ. ಒಂದು ಗ್ರೇ ಪ್ರಮಾಣಕ್ಕೆ ಪ್ರತಿ ಕೋಶದಲ್ಲಿ ಒಂಟಿ ಎಳೆ ಸುಮಾರು ಸಾವಿರ ಕಡೆ, ಜೋಡಿ ಎಳೆ ಮೂವತ್ತು-ನಲವತ್ತು ಕಡೆ ತುಂಡಾಗುತ್ತದೆ. ಜೋಡಿ ತುಂಡಾದದ್ದನ್ನು ಹೊಲಿದುಕೊಳ್ಳುವುದು ಕಷ್ಟ. ಆರೋಗ್ಯದ ಕೋಶ ರಾತ್ರಿಯೊಳಗೆ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತದೆ, ಕೆಟ್ಟ ಕೋಶಕ್ಕೆ ಆ ಶಿಸ್ತು ಕಡಿಮೆ. ದಿನಕ್ಕೆ ಸ್ವಲ್ಪ ಸ್ವಲ್ಪ ಕೊಡುವುದು ಇದಕ್ಕಾಗಿ. ನಡುವೆ ಬಿಟ್ಟರೆ ಕೆಟ್ಟ ಕೋಶಕ್ಕೂ ಬಿಡುವು ಸಿಗುವುದು ಇದರಿಂದಾಗಿಯೇ.

ಆದರೆ ದಿನವೂ ಬರುವುದೆಂದರೆ ಸುಮ್ಮನೆ ಮಾತಲ್ಲ. ಖಾನಾಪುರದಿಂದ ಬೆಳಗಾವಿಗೆ 26 ಕಿಲೋಮೀಟರ್. ಸ್ತನ ಕ್ಯಾನ್ಸರಿಗೆ ಹಿಂದೆ 25 ಸಲ ಕರೆಂಟ್ ಕೊಡುತ್ತಿದ್ದರು, ಐದು ವಾರ. ಹೋಗಿ ಬಂದು 1,300 ಕಿಲೋಮೀಟರ್. ಬೆಂಗಳೂರಿಗೆ ಹೋಗಿಬಂದರೂ ಅಷ್ಟಾಗುವುದಿಲ್ಲ. ಇದು ಖಾನಾಪುರ ಪೇಟೆಯವಳ ಲೆಕ್ಕ. ಕಣಕುಂಬಿ, ಲೋಂಡಾ ಕಡೆಯ ಕಾಡಂಚಿನವಳದು ಇನ್ನೂ ದೊಡ್ಡದು, ಮಳೆಗಾಲದಲ್ಲಿ ಅದು ಕಿಲೋಮೀಟರಿನ ಲೆಕ್ಕವಾಗಿ ಉಳಿಯುವುದೇ ಇಲ್ಲ. ಒಬ್ಬಳೇ ಬರಲಾಗದು, ಜೊತೆಗೊಬ್ಬರು ಬರಬೇಕು, ಅವರ ಐದು ವಾರದ ಕೂಲಿಯೂ ಹೋಯಿತು. ಬ್ರಿಟನ್ನಿನಲ್ಲಿ 4,096 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಹೇಳಿತು: ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಮೂರು ವಾರಗಳಲ್ಲಿ 15 ಸಲ ಕೊಡುವುದನ್ನು ಒಂದೇ ವಾರದಲ್ಲಿ ಐದು ಸಲ, ಒಟ್ಟು 26 ಗ್ರೇ ಕೊಟ್ಟು ಮುಗಿಸಬಹುದು, ಐದು ವರ್ಷದ ಬಳಿಕ ರೋಗ ಅದೇ ಸ್ತನದಲ್ಲಿ ಮರಳಿದ್ದು ಮೂರು ವಾರದವರಲ್ಲಿ ನೂರಕ್ಕೆ 2.1, ಒಂದು ವಾರದವರಲ್ಲಿ 1.4. ಐದು ಸಲ ಅಂದರೆ ಖಾನಾಪುರದವಳಿಗೆ 260 ಕಿಲೋಮೀಟರ್. ಯಂತ್ರ ಅದೇ, ಕಿರಣ ಅದೇ. ಸಾವಿರ ಕಿಲೋಮೀಟರ್ ರಸ್ತೆ ಅವಳ ಬದುಕಿನಿಂದ ಕಳೆದುಹೋಯಿತು.

ಕಡಿಮೆಯಾಗುವುದರ ಈ ಬೆರಗಿಗೆ ಇನ್ನೊಂದು ಉದಾಹರಣೆ ಗರ್ಭಕಂಠದ ಕ್ಯಾನ್ಸರಿನ ಲಸಿಕೆ. 2009ರಲ್ಲಿ ಭಾರತದ ಹಲವು ಕಡೆ, ಪಕ್ಕದ ರಾಜ್ಯದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯೂ ಸೇರಿ, ಹುಡುಗಿಯರಿಗೆ ಎರಡು ಡೋಸ್ ಸಾಕೋ ಮೂರು ಬೇಕೋ ಎಂಬ ಅಧ್ಯಯನ ಶುರುವಾಯಿತು. 2010ರಲ್ಲಿ ಬೇರೊಂದು ಕಾರಣಕ್ಕೆ ಲಸಿಕೆ ಹಾಕುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಸಿಕ್ಕದ್ದು ಒಂದೇ ಡೋಸ್. ಅಧ್ಯಯನ ಕೆಟ್ಟಿತು ಎಂದು ಕೈಬಿಡಬಹುದಿತ್ತು. ಸಂಶೋಧಕರು ಬಿಡಲಿಲ್ಲ, ಹತ್ತು ವರ್ಷ ಬೆನ್ನು ಹತ್ತಿ ನೋಡಿದರು. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ 16 ಮತ್ತು 18ನೇ ಬಗೆಗಳ ಬಿಡದೆ ಕಾಡುವ ಸೋಂಕಿನಿಂದ ರಕ್ಷಣೆ ಮೂರು ಡೋಸಿಗೆ ನೂರಕ್ಕೆ 93.3, ಎರಡಕ್ಕೆ 93.1, ಒಂದಕ್ಕೆ 95.4. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದೇ ಡೋಸಿಗೂ ಒಪ್ಪಿಗೆ ಕೊಡುವಾಗ ಮುಂದಿದ್ದ ಪುರಾವೆಗಳಲ್ಲಿ ಈ ಹೆಣ್ಣುಮಕ್ಕಳದೂ ಇತ್ತು. ಭಾರತದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಹೆಂಗಸರನ್ನು ಕೊಲ್ಲುವ ರೋಗವಿದು.

ದೊಡ್ಡ ಬೆಲೆಯ ಚಿಕಿತ್ಸೆಯೂ ಇಳಿಯುತ್ತಿದೆ. ರೋಗಿಯದೇ ರಕ್ತದ ಕೋಶಗಳನ್ನು ತೆಗೆದು, ಹೊಸ ವಂಶವಾಹಿ ಸೇರಿಸಿ, ಬೆಳೆಸಿ ಮರಳಿ ಕೊಡುವ ಕಾರ್-ಟಿ ಚಿಕಿತ್ಸೆಗೆ ಹೊರದೇಶಗಳಲ್ಲಿ ಮೂರು-ನಾಲ್ಕು ಕೋಟಿ ರೂಪಾಯಿ. ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆ ಸೇರಿ ಮಾಡಿದ, 2023ರಲ್ಲಿ ಒಪ್ಪಿಗೆ ಪಡೆದ ಸ್ವದೇಶಿ ಚಿಕಿತ್ಸೆಗೆ ಅದರ ಹತ್ತರಲ್ಲಿ ಒಂದು ಪಾಲು. ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ ಮಾತ್ರ ಅದು. 51 ರೋಗಿಗಳಲ್ಲಿ 37 ಮಂದಿಯಲ್ಲಿ ರೋಗ ಇಳಿಯಿತು. ಮೂವತ್ತು-ನಲವತ್ತು ಲಕ್ಷವೂ ನಮ್ಮ ಬಹುಪಾಲು ಮನೆಗಳಿಗೆ ಎಟುಕದ ಮೊತ್ತ, ಆದರೂ ದಿಕ್ಕು ಸರಿಯಿದೆ.

ಹಳ್ಳಿಗಳಿಂದಲೇ ಜಗತ್ತಿಗೆ ಉತ್ತರ ಕೊಟ್ಟ ಅನುಭವ ಬೆಳಗಾವಿ ಜಿಲ್ಲೆಗೂ ಇದೆ, ಕ್ಯಾನ್ಸರಿನಲ್ಲಲ್ಲ, ಹೆರಿಗೆಯಲ್ಲಿ. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಜಿಲ್ಲೆಯ 1,620 ಬಾಣಂತಿಯರ ಮೇಲೆ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಕೊಟ್ಟವರು ಹಳ್ಳಿಯ ನರ್ಸಮ್ಮಂದಿರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಫಲಿತಾಂಶ ಅನೇಕ ದೇಶಗಳ ಹೆರಿಗೆ ಕೋಣೆಗಳಿಗೆ ದಾರಿ ತೋರಿತು. ಆ ಜಾಲ, ಆ ಅನುಭವ ಬಾಯಿ ಕ್ಯಾನ್ಸರಿಗೆ ತಿರುಗಬೇಕೆಂಬುದು ನನ್ನ ದೊಡ್ಡ ಆಸೆ.

ತಿರುಗಿದರೆ ಏನಾಗುತ್ತದೆಂದು ಕೇರಳ ತೋರಿಸಿದೆ. ತಿರುವನಂತಪುರದ ಸುತ್ತ 1.9 ಲಕ್ಷ ಜನರ ಅಧ್ಯಯನದಲ್ಲಿ ಅರ್ಧದಷ್ಟು ಜನರ ಬಾಯಿಯನ್ನು ತರಬೇತಿ ಪಡೆದ ಕಾರ್ಯಕರ್ತರು ಮನೆಗೇ ಹೋಗಿ ನೋಡಿದರು. ಅವರು ಡಾಕ್ಟರುಗಳಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶ: ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34 ಕಡಿಮೆ. ನಮ್ಮಲ್ಲೂ ಮೂವತ್ತು ದಾಟಿದವರ ಬಾಯಿ, ಸ್ತನ, ಗರ್ಭಕಂಠ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಸೇರಿದೆ, ದುಡ್ಡು ಕೊಡಬೇಕಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಕ್ಯಾನ್ಸರಿಗಾಗಿ ಬಾಯಿ ತೋರಿಸಿದ್ದೇನೆ ಎಂದ 30ರಿಂದ 49ರ ವಯಸ್ಸಿನ ಗಂಡಸರು ದೇಶದಲ್ಲಿ ನೂರಕ್ಕೆ 1.2, ಹೆಂಗಸರು 0.9. ಇಪ್ಪತ್ತು ಮಿಲಿಗ್ರಾಂ, ಐದು ದಿನ, ಒಂದು ಡೋಸ್ ಎಂಬ ಸಣ್ಣ ಸಂಖ್ಯೆಗಳೆಲ್ಲ ವರ್ಷಗಟ್ಟಲೆ ದುಡಿದು ಗಳಿಸಿದವು. ಈ 1.2 ಮಾತ್ರ ಯಾರೂ ದುಡಿಯದೆ ಉಳಿದ ಸಂಖ್ಯೆ. ಇದನ್ನು ಹೆಚ್ಚಿಸಲು ಬೇಕಾದದ್ದು ಒಂದು ಟಾರ್ಚು ಮತ್ತು ಒಬ್ಬೊಬ್ಬರಿಗೆ ಕೆಲವು ನಿಮಿಷ.