ಏರ್‌ಗನ್ನಿಗೆ ಯಾವ ಎಣ್ಣೆ, ಎಲ್ಲಿಗೆ, ಎಷ್ಟು?

ಜಾತ್ರೆಯ ಬಲೂನ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಗುಂಡುಗಳೆಲ್ಲ ‘ಟಪ್’ ಎಂದು ಹಾರುತ್ತಿರುವಾಗ ನಡುವೆ ಒಂದು ಮಾತ್ರ ‘ಢಂ’ ಎನ್ನುತ್ತದೆ. ನಳಿಗೆಯ ತುದಿಯಲ್ಲಿ ತೆಳ್ಳಗೆ ಹೊಗೆ, ಎಣ್ಣೆ ಸುಟ್ಟ ವಾಸನೆ. ‘ಈ ಗನ್ನಿಗೆ ಪವರ್ ಜಾಸ್ತಿ’ ಎಂದು ಹುಡುಗರು ಅದಕ್ಕೇ ಮುಗಿಬೀಳುತ್ತಾರೆ. ಒಳಗೆ ಆಗಿರುವುದು ಇಷ್ಟೇ: ಬಿಡಬಾರದ ಜಾಗಕ್ಕೆ ಬಿಟ್ಟ ಎಣ್ಣೆಗೆ ಬೆಂಕಿ ಹತ್ತಿದೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಸ್ಪ್ರಿಂಗ್ ಏರ್‌ಗನ್. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ಪಿಸ್ಟನ್ ಹಿಂದೆ ಸರಿದು, ಸ್ಪ್ರಿಂಗನ್ನು ಅದುಮಿ, ಸಿಯರ್ ಎಂಬ ಕೊಕ್ಕೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಟ್ರಿಗರ್ ಎಳೆದರೆ ಕಣ್ಣು ಮಿಟುಕಿಸುವುದರೊಳಗೆ ಪಿಸ್ಟನ್ ಮುಂದಕ್ಕೆ ನುಗ್ಗಿ ಸಿಲಿಂಡರಿನ ಗಾಳಿಯನ್ನು ಒತ್ತುತ್ತದೆ. ಗಾಳಿಯನ್ನು ಹಾಗೆ ಹಠಾತ್ತನೆ ಒತ್ತಿದರೆ ಅದು ವಿಪರೀತ ಕಾಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಇಂಧನ ಹೊತ್ತಿಕೊಳ್ಳುವುದೂ ಇದರಿಂದಲೇ. ಗನ್ನಿನೊಳಗೆ ಎಣ್ಣೆ ಹೀಗೆ ಹೊತ್ತಿಕೊಳ್ಳುವುದಕ್ಕೆ ಏರ್‌ಗನ್ ಬಲ್ಲವರು ‘ಡೀಸೆಲಿಂಗ್’ ಎಂದೇ ಹೆಸರಿಟ್ಟಿದ್ದಾರೆ.

ಇಂಗ್ಲೆಂಡಿನ ಏರ್‌ಗನ್ ಸಂಶೋಧಕರಾದ ಕಾರ್ಡ್ಯೂ ತಂದೆ-ಮಗ ಇದನ್ನು ಪ್ರಯೋಗ ಮಾಡಿ ನೋಡಿದರು. ಆಮ್ಲಜನಕವಿಲ್ಲದ ನೈಟ್ರೋಜನ್‌ನಲ್ಲಿ ಸ್ಪ್ರಿಂಗ್ ಗನ್ ಹಾರಿಸಿದಾಗ ಗುಂಡಿನ ವೇಗ ಕುಸಿಯಿತು. ಅಂದರೆ ಬಲವಾದ ಸ್ಪ್ರಿಂಗ್ ಗನ್ನಿನಲ್ಲಿ ಚೂರುಪಾರು ಎಣ್ಣೆ ಯಾವಾಗಲೂ ಉರಿಯುತ್ತಿರುತ್ತದೆ, ಅಷ್ಟು ಸಹಜ. ಹೊಸ ಗನ್ ಮೊದಮೊದಲು ಹೊಗೆಯಾಡುವುದೂ ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸಿನಿಂದ, ಅದು ತಾನಾಗಿ ನಿಲ್ಲುತ್ತದೆ. ತೊಂದರೆ ಶುರುವಾಗುವುದು ನಾವು ಮನೆಯಲ್ಲಿರುವ ಹೊಲಿಗೆ ಮಿಷನ್ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಸಿಲಿಂಡರಿನಿಂದ ನಳಿಗೆಗೆ ಗಾಳಿ ಹೋಗುವ ತೂತಿಗೆ ಬಿಟ್ಟಾಗ. ಇವೆಲ್ಲ ಪೆಟ್ರೋಲಿಯಂ ಮೂಲದವು, ಸುಲಭವಾಗಿ ಹೊತ್ತಿಕೊಳ್ಳುತ್ತವೆ.

ಹೀಗೆ ಬಹಳ ಕಾಲ ಎಣ್ಣೆ ಕುಡಿದ ಗನ್ನನ್ನು ಬಿಚ್ಚಿದರೆ ಕಥೆಯೆಲ್ಲ ಎದುರಿಗೇ ಇರುತ್ತದೆ. ಪಿಸ್ಟನ್ ಮೂತಿಯ ಸೀಲಿನ ಅಂಚು ಕರಕಲಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಸಿಲಿಂಡರಿನ ಗೋಡೆಗೆ ಕಂದು ಅಂಟು ಮೆತ್ತಿಕೊಂಡಿರುತ್ತದೆ. ಸ್ಪ್ರಿಂಗ್ ಎಲ್ಲೋ ಒಂದು ಸುತ್ತಿನಲ್ಲಿ ಮುರಿದಿದ್ದರೂ ಆಶ್ಚರ್ಯವಿಲ್ಲ. ಪ್ರತಿ ಗುಂಡಿನ ವೇಗವೂ ಬೇರೆ ಬೇರೆಯಾಗುವುದರಿಂದ ಗುರಿಯಂತೂ ಎಂದೋ ಕೆಟ್ಟಿರುತ್ತದೆ.

ಈ ತಪ್ಪಿನ ಮೂಲ ನಮ್ಮ ಒಳ್ಳೆಯ ಅಭ್ಯಾಸದಲ್ಲೇ ಇದೆ. ಆಯುಧಪೂಜೆಗೆ, ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ, ಕೋವಿಯನ್ನು ಒರೆಸಿ ಎಣ್ಣೆ ಹಚ್ಚಿ ಇಡುತ್ತೇವೆ. ಕೋವಿಗೆ ಅದು ಸರಿ. ಮದ್ದು ಸುಟ್ಟ ಮಸಿ, ಬೆವರು, ಮಳೆಗಾಲದ ತುಕ್ಕು ಇವೆಲ್ಲ ಕೋವಿಯ ಶತ್ರುಗಳು. ಅದೇ ಎಣ್ಣೆಯನ್ನು ಏರ್‌ಗನ್ನಿನ ಹೊರಮೈಗೆ ಬಟ್ಟೆಯಲ್ಲಿ ತೆಳ್ಳಗೆ ಸವರಬಹುದು. ಮಲೆನಾಡು, ಕರಾವಳಿಯಲ್ಲಿ ಸವರಲೇಬೇಕು. ಒಳಗೆ ಮಾತ್ರ ಬಿಡಬಾರದು.

ಹಾಗಾದರೆ ಒಳಗೆ ಏನು? ಪಿಸ್ಟನ್ನಿನ ಮುಂಭಾಗಕ್ಕೆ, ಅಂದರೆ ಗಾಳಿ ಒತ್ತುವ ಕೋಣೆಗೆ, ಸಿಲಿಕೋನ್ ಎಣ್ಣೆಯೊಂದೇ. ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಇಂದಿನ ಸಿಂಥೆಟಿಕ್ ಸೀಲಿಗೆ ಅದೂ ಬಹಳ ಅಪರೂಪಕ್ಕೆ, ಒಂದೇ ಹನಿ. ಹಳೆಯ ಗನ್ನುಗಳಲ್ಲಿರುವ ಚರ್ಮದ ಸೀಲಿನ ಮಾತು ಬೇರೆ. ಚರ್ಮ ಒಣಗಿದರೆ ಕುಗ್ಗುತ್ತದೆ, ಗಾಳಿ ಪಕ್ಕದಿಂದ ಸೋರುತ್ತದೆ, ಗುಂಡು ಸೋಲುತ್ತದೆ. ಅಂಥ ಗನ್ನಿಗೆ ಕೆಲವು ಹನಿ ಬಿಟ್ಟು, ನಳಿಗೆ ಮೇಲೆ ಮಾಡಿ ಒಂದು ರಾತ್ರಿ ನಿಲ್ಲಿಸಬೇಕು. ತಾತನ ಕಾಲದ ಗನ್ ಕೆಟ್ಟೇಹೋಯಿತು ಎಂದು ಅಟ್ಟಕ್ಕೆ ಹಾಕುವ ಮೊದಲು ಇಷ್ಟು ಮಾಡಿ ನೋಡಬೇಕು.

ಸಿಲಿಕೋನ್ ಒಳ್ಳೆಯದೆಂದು ಎಲ್ಲ ಕಡೆ ಅದನ್ನೇ ಬಿಡುವುದು ಎರಡನೆಯ ತಪ್ಪು. ಉಕ್ಕಿಗೆ ಉಕ್ಕು ಒತ್ತಿ ಉಜ್ಜುವ ಜಾಗದಲ್ಲಿ ಸಿಲಿಕೋನಿನ ಪದರ ನಿಲ್ಲುವುದಿಲ್ಲ, ಲೋಹ ಸವೆಯುತ್ತದೆ. ಅಲ್ಲಿಗೆ ಬೇಕಾದದ್ದು ಮಾಲಿಬ್ಡಿನಂ ಡೈಸಲ್ಫೈಡ್, ಬಳಕೆಯ ಮಾತಿನಲ್ಲಿ ‘ಮಾಲಿ’. ಇದರ ಪದರಗಳು ಇಸ್ಪೀಟಿನ ಎಲೆಗಳ ಹಾಗೆ ಒಂದರ ಮೇಲೊಂದು ಜಾರುತ್ತವೆ. ಎಷ್ಟು ಒತ್ತಿದರೂ ಕಿತ್ತು ಬರುವುದಿಲ್ಲ. ಕಪ್ಪಗಿನ ಪೇಸ್ಟು, ಬೆರಳಿಗೆ ಹತ್ತಿದರೆ ಸೋಪಿಗೂ ಬೇಗ ಹೋಗದು. ಪಿಸ್ಟನ್ನಿನ ಪಕ್ಕಗಳಿಗೆ, ಸಿಯರಿನ ಅಂಚಿಗೆ, ನಳಿಗೆ ಬಗ್ಗುವ ಕೀಲಿಗೆ ಬಣ್ಣ ಬಳಿದಷ್ಟು ತೆಳ್ಳಗೆ ಹಚ್ಚಬೇಕು. ಸೀಲಿನ ಮುಂದೆ ಹೋಗಬಾರದು.

ಇನ್ನು ಸ್ಪ್ರಿಂಗ್. ಹಾರಿಸಿದ ಮೇಲೆ ಗನ್ ‘ಝುಂಯ್’ ಎಂದು ನಡುಗುವುದು ಸ್ಪ್ರಿಂಗ್ ಕುಣಿತದಿಂದ. ಅಂಟಂಟಾದ ದಪ್ಪ ಗ್ರೀಸನ್ನು ಸ್ಪ್ರಿಂಗಿಗೆ ಸ್ವಲ್ಪ ಮೆತ್ತಿದರೆ ಆ ಸದ್ದು ತಗ್ಗುತ್ತದೆ. ಅತಿಯಾದರೆ ಗ್ರೀಸ್ ಮುಂದಕ್ಕೆ ಸಿಡಿದು ಮತ್ತೆ ಅದೇ ಹೊಗೆ.

ನಳಿಗೆಯ ಒಳಗೆ ಎಣ್ಣೆ ಬೇಡವೇ ಬೇಡ. ಸೀಸದ ಗುಂಡೇ ಸಾಗುತ್ತ ತನ್ನ ದಾರಿಯನ್ನು ನುಣುಪು ಮಾಡಿಕೊಳ್ಳುತ್ತದೆ. ಕೊಳೆ ಅನ್ನಿಸಿದರೆ ಒಣ ಫೆಲ್ಟ್ ಸಾಕು.

ಸ್ಪರ್ಧೆಯವರ ಗನ್ ಬೇರೆ ಜಾತಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲ್ ವಿಭಾಗದಲ್ಲಿ, ಇಂದು ಎಲ್ಲೆಡೆ ಇರುವುದು ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನ ಪಿಸ್ತೂಲುಗಳು. ಇವುಗಳಲ್ಲಿ ಗಾಳಿಯ ಒತ್ತಡ 200 ಬಾರ್ ಆಸುಪಾಸು. ಅಷ್ಟು ಒತ್ತಡದ ಗಾಳಿಯ ದಾರಿಯಲ್ಲಿ ಪೆಟ್ರೋಲಿಯಂ ಎಣ್ಣೆ ಇದ್ದರೆ ಕೆಡುವುದು ಗುರಿಯೊಂದೇ ಅಲ್ಲ, ಕೈ-ಕಣ್ಣಿಗೇ ಅಪಾಯ. ಸೀಲಿನ ಕೆಲಸ ಮಾಡುವ ಓ-ರಿಂಗುಗಳಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಗಾಳಿ ತುಂಬುವುದು ನಿಧಾನವಾಗಿ, ಆಮ್ಲಜನಕದ ಸಿಲಿಂಡರಿನಿಂದ ಎಂದಿಗೂ ಇಲ್ಲ.

ಕಾರ್ಬನ್ ಡೈಆಕ್ಸೈಡ್ ಕ್ಯಾಪ್ಸೂಲಿನ ಪಿಸ್ತೂಲಿಗೆ ಈ ನಿಯಮ ತಿರುಗುಮುರುಗು. ಆ ಅನಿಲ ಹಿಗ್ಗುವಾಗ ತಣ್ಣಗಾಗುತ್ತದೆ, ಬೆಂಕಿಗೆ ಅಲ್ಲಿ ಎಡೆಯೇ ಇಲ್ಲ. ಕ್ಯಾಪ್ಸೂಲಿನ ತುದಿಗೆ ಪೆಟ್ರೋಲಿಯಂ ಮೂಲದ ಏರ್‌ಗನ್ ಎಣ್ಣೆಯ ಒಂದು ಹನಿ ಬಿಟ್ಟರೆ ಅನಿಲವೇ ಅದನ್ನು ಸೀಲುಗಳಿಗೆಲ್ಲ ಒಯ್ದು ಮುಟ್ಟಿಸುತ್ತದೆ.

ಎಣ್ಣೆ ಹಾಕುವ ಮೊದಲು ಗನ್ನಿನಲ್ಲಿ ಗುಂಡಿಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂಬುದನ್ನು ನೋಡಿಕೊಳ್ಳಿ. ಅದುಮಿಟ್ಟ ಸ್ಪ್ರಿಂಗನ್ನು ಬರಿಗೈಯಲ್ಲಿ ಬಿಚ್ಚಲು ಹೋಗಬೇಡಿ. ಅದಕ್ಕೆಂದೇ ಮಾಡಿದ ಕಂಪ್ರೆಸರ್ ಇಲ್ಲದಿದ್ದರೆ ಕೆಲಸ ಗೊತ್ತಿರುವ ಮೆಕ್ಯಾನಿಕ್‌ಗೆ ಕೊಡಿ. ಗನ್ನಿನ ಜೊತೆ ಬಂದ ಕೈಪಿಡಿ ಬೇರೆ ಏನಾದರೂ ಹೇಳಿದರೆ ಅದನ್ನೇ ನಂಬಿ. ಮನೆಯಲ್ಲಿ ಒಂದು ಸ್ಪ್ರಿಂಗ್ ಗನ್ ಇರುವವರಿಗೆ ಸಣ್ಣ ಬಾಟಲಿ ಸಿಲಿಕೋನ್ ಎಣ್ಣೆ, ಪುಟ್ಟ ಡಬ್ಬಿ ಮಾಲಿ ಪೇಸ್ಟ್ ಹಲವು ವರ್ಷ ಬರುತ್ತವೆ.