ಹತ್ತನೆಯ ತರಗತಿಯ ತರುವಾಯ

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುವುದುಂಟು. ಮಗು ಮುಂದೇನು ಓದಬೇಕು? ಸೋದರಮಾವನವರು ಒಂದು ಹೇಳುತ್ತಾರೆ; ಎದುರುಮನೆಯವರು ಮತ್ತೊಂದು ಹೇಳುತ್ತಾರೆ; ಕಳೆದ ವರ್ಷ ತಮ್ಮ ಮಗನನ್ನು ಕಾಲೇಜಿಗೆ ಸೇರಿಸಿದವರು ಮೂರನೆಯದನ್ನು ಹೇಳುತ್ತಾರೆ. ಇಷ್ಟು ಜನರ ನಡುವೆ, ಓದಬೇಕಾದ ಮಗುವನ್ನು ಕೇಳುವವರು ಮಾತ್ರ ವಿರಳ. ಅಂಕಗಳು ಹೆಚ್ಚಾಗಿ ಬಂದರೆ ವಿಜ್ಞಾನ, ನಡುತರವಾದರೆ ವಾಣಿಜ್ಯ, ಅದಕ್ಕಿಂತ ಕಡಮೆಯಾದರೆ ಕಲೆ ಎಂಬುದು, ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುವ ಶಾಸನವಾಗಿಬಿಟ್ಟಿದೆ. ಈ ಶಾಸನವು ಎಷ್ಟರಮಟ್ಟಿಗೆ ಸರಿ, ಇದರ ಬದಲಿಗೆ ತಾಯಿತಂದೆಗಳು ಯಾವ ಕ್ರಮವನ್ನು ಅನುಸರಿಸಬಹುದು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಮೊದಲು, ಆಯ್ಕೆಯೆಂದರೆ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ರಾಜ್ಯದ ಪದವಿಪೂರ್ವ ತರಗತಿಗಳಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳನ್ನೂ ನಾಲ್ಕು ಐಚ್ಛಿಕ ವಿಷಯಗಳನ್ನೂ ಓದಬೇಕು. ಈ ನಾಲ್ಕು ವಿಷಯಗಳನ್ನು ಕಾಲೇಜುಗಳು ಗುಂಪುಗುಂಪಾಗಿ ಕಟ್ಟಿಟ್ಟಿರುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳ ಗುಂಪಿಗೆ ಪಿ.ಸಿ.ಎಂ.ಬಿ. ಎಂದೂ, ಜೀವಶಾಸ್ತ್ರದ ಸ್ಥಾನದಲ್ಲಿ ಗಣಕವಿಜ್ಞಾನ ಬಂದರೆ ಪಿ.ಸಿ.ಎಂ.ಸಿ. ಎಂದೂ ಹೆಸರು. ವಾಣಿಜ್ಯದಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರಗಳೊಡನೆ ಸಂಖ್ಯಾಶಾಸ್ತ್ರವನ್ನೋ ಗಣಕವಿಜ್ಞಾನವನ್ನೋ ಮೂಲಗಣಿತವನ್ನೋ ಸೇರಿಸಿರುತ್ತಾರೆ. ಕಲಾವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳು ಸಾಮಾನ್ಯವಾದ ಗುಂಪು. ಐಚ್ಛಿಕ ಕನ್ನಡ, ಭೂಗೋಳ, ಮನಶ್ಶಾಸ್ತ್ರ ಮುಂತಾದವೂ ಕೆಲವೆಡೆ ದೊರೆಯುತ್ತವೆ. ಎಲ್ಲ ಕಾಲೇಜುಗಳಲ್ಲಿಯೂ ಎಲ್ಲ ಗುಂಪುಗಳೂ ಇರುವುದಿಲ್ಲ. ಆದಕಾರಣ ಕಾಲೇಜನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿರುವ ಗುಂಪುಗಳಿಗೆ ಮಗುವನ್ನು ಹೊಂದಿಸುವುದು ಹಿಂದುಮುಂದಾದ ಕ್ರಮ.

ಹದಿನೈದು ಹದಿನಾರರ ವಯಸ್ಸಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ತನ್ನ ಜೀವಮಾನದ ವೃತ್ತಿಯನ್ನು ನಿರ್ಧರಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಿರ್ಧರಿಸಬೇಕಾದದ್ದು ಅಷ್ಟು ದೊಡ್ಡದಲ್ಲ. ಈ ನಾಲ್ಕು ವಿಷಯಗಳನ್ನು ತೆಗೆದುಕೊಂಡರೆ ಮುಂದೆ ಯಾವ ಬಾಗಿಲುಗಳು ತೆರೆದಿರುತ್ತವೆ, ಯಾವುವು ಮುಚ್ಚಿಹೋಗುತ್ತವೆ ಎಂಬುದನ್ನು ತಿಳಿದುಕೊಂಡು, ಮುಚ್ಚುವ ಬಾಗಿಲನ್ನು ಅರಿತೇ ಮುಚ್ಚಿದರೆ ಈ ವಯಸ್ಸಿಗೆ ಸಾಕು. ಅರಿಯದೆ ಮುಚ್ಚಿದ ಬಾಗಿಲು ತರುವಾಯ ನೋವನ್ನು ಕೊಡುತ್ತದೆ.

ಇದು ನಮ್ಮ ಅನುಭವದ ಮಾತು. ನಮ್ಮ ಹಿರಿಯ ಮಗಳು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಮಾತ್ರ ಸ್ವಲ್ಪ ಹಿಂದೆ ಬಿದ್ದಳು. ಮಗುವಿಗೆ ಏಕೆ ಕಷ್ಟ ಎಂಬ ಕರುಣೆಯಿಂದಲೇ ನಾವು ಅವಳನ್ನು ಗಣಿತವಿಲ್ಲದ ವಾಣಿಜ್ಯದ ಗುಂಪಿಗೆ ಸೇರಿಸಿದೆವು. ಅವಳು ಮನೆಯ ಗೋಡೆಗಳ ಅಳತೆ ತೆಗೆದು ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದುದನ್ನು ನಾವು ಕಂಡಿದ್ದೆವು; ಅದನ್ನು ಆಟವೆಂದು ಬಗೆದಿದ್ದೆವು. ಎರಡು ವರ್ಷಗಳ ತರುವಾಯ ತಾನು ವಾಸ್ತುಶಿಲ್ಪವನ್ನು ಓದಬೇಕೆಂದು ಆಕೆ ಹೇಳಿದಾಗ, ಆ ಪದವಿಗೆ ಗಣಿತವು ಅವಶ್ಯವೆಂಬುದು ನಮಗೆ ತಿಳಿದುಬಂತು. ಈಗ ಅವಳು ಬೇರೊಂದು ಕೆಲಸದಲ್ಲಿ ನೆಮ್ಮದಿಯಾಗಿಯೇ ಇದ್ದಾಳೆ. ಆದರೆ “ಅಪ್ಪಾ, ಆಗ ಯಾರಾದರೂ ಒಂದು ಮಾತು ಹೇಳಿದ್ದರೆ ನಾನು ಗಣಿತವನ್ನು ಹೇಗಾದರೂ ಓದಿಬಿಡುತ್ತಿದ್ದೆ” ಎಂದು ಆ ದಿನ ಅವಳು ಆಡಿದ ಮಾತು ನಮ್ಮ ಮನಸ್ಸಿನಿಂದ ಮಾಸಿಲ್ಲ. ಹೇಳಬೇಕಾಗಿದ್ದವರು ನಾವೇ; ನಾವು ವಿಚಾರಿಸಿಯೇ ಇರಲಿಲ್ಲ.

ಈ ತಪ್ಪು ಇತರರಿಗೆ ಆಗದಿರಲೆಂದು ಮುಖ್ಯವಾದ ಕೆಲವು ನಿಯಮಗಳನ್ನು ಹೇಳುತ್ತೇವೆ. ವೈದ್ಯವಿದ್ಯೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕತಂತ್ರಜ್ಞಾನ, ಇವುಗಳೊಡನೆ ಇಂಗ್ಲಿಷ್ ಬೇಕು. ಪ್ರವೇಶವು ನೀಟ್ ಪರೀಕ್ಷೆಯ ಮೂಲಕ. ಅಲ್ಲಿ ಗಣಿತವು ಕಡ್ಡಾಯವಲ್ಲ. ಸಿ.ಇ.ಟಿ. ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಭೌತಶಾಸ್ತ್ರವೂ ಗಣಿತವೂ ಅವಶ್ಯ. ಮೂರನೆಯ ವಿಷಯವು ರಸಾಯನಶಾಸ್ತ್ರವಾಗಬಹುದು, ಗಣಕವಿಜ್ಞಾನ ಮುಂತಾದವೂ ಆಗಬಹುದು. ವಾಣಿಜ್ಯದವರು ಓದುವ ಮೂಲಗಣಿತವು ಈ ಗಣಿತದ ಸ್ಥಾನವನ್ನು ತುಂಬುವುದಿಲ್ಲ. ಎಂಜಿನಿಯರಿಂಗ್ ದರ್ಜೆಯನ್ನು ಗೊತ್ತುಮಾಡುವಾಗ ಸಿ.ಇ.ಟಿ. ಅಂಕಗಳನ್ನೂ ದ್ವಿತೀಯ ಪಿ.ಯು. ಅಂಕಗಳನ್ನೂ ಸಮಭಾಗವಾಗಿ ಎಣಿಸುತ್ತಾರೆ. ಆದ್ದರಿಂದ ಕಾಲೇಜಿನ ಪಾಠವನ್ನು ಕಡೆಗಣಿಸಿ ಪ್ರವೇಶಪರೀಕ್ಷೆಯ ತಯಾರಿಯೊಂದನ್ನೇ ನಂಬುವುದು ಸರಿಯಲ್ಲ. ಬಿ.ಎಸ್‌ಸಿ. ನರ್ಸಿಂಗ್ ಪದವಿಗೆ ಜೀವಶಾಸ್ತ್ರವಿರುವ ವಿಜ್ಞಾನದ ಗುಂಪು ಬೇಕು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಭೂಸೇನೆಯ ವಿಭಾಗಕ್ಕೆ ಯಾವ ಗುಂಪಿನವರೂ ಅರ್ಹರು. ನೌಕಾಸೇನೆ, ವಾಯುಸೇನೆಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಬೇಕು. ಈ ಅಕಾಡೆಮಿಯ ಪ್ರವೇಶಪರೀಕ್ಷೆಯು 2021ರಿಂದ ಹೆಣ್ಣುಮಕ್ಕಳಿಗೂ ತೆರೆದಿದೆಯೆಂಬುದನ್ನು ಅನೇಕ ಮನೆಗಳವರು ಇನ್ನೂ ಗಮನಿಸಿಲ್ಲ.

ಇನ್ನು ಯಾವ ಗುಂಪಿನವರಿಗೂ ತೆರೆದಿರುವ ಬಾಗಿಲುಗಳು ಜನ ಎಣಿಸುವುದಕ್ಕಿಂತ ಹೆಚ್ಚು. ಐದು ವರ್ಷಗಳ ನ್ಯಾಯಶಾಸ್ತ್ರದ ಪದವಿಗೆ ಯಾವ ಗುಂಪಾದರೂ ಆಗಬಹುದು; ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೂ ಹಾಗೆಯೇ. ಲೆಕ್ಕಪರಿಶೋಧಕರಾಗಬೇಕೆನ್ನುವವರ ಮೊದಲ ಹಂತದ ಪರೀಕ್ಷೆಗೆ ಹನ್ನೆರಡನೆಯ ತರಗತಿಯನ್ನು ಯಾವ ವಿಷಯಗಳಲ್ಲಿ ಮುಗಿಸಿದವರೂ ಕುಳಿತುಕೊಳ್ಳಬಹುದು. ವಾಣಿಜ್ಯ ಓದಿದವರಿಗೆ ದಾರಿ ಸ್ವಲ್ಪ ಸುಗಮ, ಅಷ್ಟೆ. ಕೇಂದ್ರದ ನಾಗರಿಕ ಸೇವೆಗಳ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಪತ್ರಿಕೋದ್ಯಮ, ಸಮಾಜಕಾರ್ಯ, ಆಡಳಿತ ಇವೆಲ್ಲವೂ ಕಲೆ ಓದಿದವರಿಗೆ ದೊರೆಯತಕ್ಕವೇ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಅರ್ಥಶಾಸ್ತ್ರವನ್ನು ಉನ್ನತಮಟ್ಟದಲ್ಲಿ ಅಭ್ಯಾಸಮಾಡಲು ಗಣಿತದ ನೆರವು ಬೇಕಾಗುತ್ತದೆ. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ಆನರ್ಸ್ ಪದವಿಯು ಅದನ್ನು ಕೇಳುತ್ತದೆ.

ಹಾಗಾದರೆ ಬಾಗಿಲುಗಳನ್ನು ತೆರೆದಿಡುವುದೇ ಮುಖ್ಯವೆಂದ ಮೇಲೆ, ಎಲ್ಲ ಮಕ್ಕಳನ್ನೂ ಪಿ.ಸಿ.ಎಂ.ಬಿ.ಗೆ ಸೇರಿಸಿಬಿಟ್ಟರೆ ಆಯಿತಲ್ಲವೇ ಎಂದು ಕೆಲವರು ಕೇಳಬಹುದು. ವಿಜ್ಞಾನದಿಂದ ಕಲೆಗೆ ಬರಬಹುದು, ಕಲೆಯಿಂದ ವಿಜ್ಞಾನಕ್ಕೆ ಹೋಗಲಾಗದು ಎಂಬ ಮಾತಿನಲ್ಲಿ ಸತ್ಯವುಂಟು. ಆದರೆ ಈ ನಾಲ್ಕು ವಿಷಯಗಳ ಭಾರವೂ ಸಣ್ಣದಲ್ಲ. ರುಚಿಯಿಲ್ಲದವನು ಎರಡು ವರ್ಷ ಅದನ್ನು ಹೊತ್ತು ಕಡಮೆ ಅಂಕಗಳನ್ನು ಪಡೆದರೆ, ತೆರೆದಿದ್ದ ಬಾಗಿಲುಗಳೂ ಅವನ ಪಾಲಿಗೆ ಮುಚ್ಚಿದಂತೆಯೇ. ಅದಕ್ಕಿಂತ ಕೆಟ್ಟದ್ದೆಂದರೆ, ತಾನು ಯಾವುದಕ್ಕೂ ಯೋಗ್ಯನಲ್ಲ ಎಂಬ ಭಾವನೆ ಆ ಎಳೆಯ ಮನಸ್ಸಿನಲ್ಲಿ ನೆಲೆಗೊಳ್ಳುವುದು. ಇತಿಹಾಸವನ್ನು ಪ್ರೀತಿಯಿಂದ ಓದಬಲ್ಲ ಹುಡುಗನು ಕಲಾವಿಭಾಗದಲ್ಲಿ ಮೊದಲಿಗನಾಗಿ ಆತ್ಮವಿಶ್ವಾಸದಿಂದ ಮುಂದೆ ಹೋಗುವುದಕ್ಕೂ, ವಿಜ್ಞಾನದಲ್ಲಿ ಹಿಂದೆ ಬಿದ್ದು ಕುಗ್ಗುವುದಕ್ಕೂ ಇರುವ ಅಂತರವನ್ನು ತಾಯಿತಂದೆಗಳು ತೂಗಿ ನೋಡಬೇಕು. ಗಣಿತ ಸ್ವಲ್ಪ ಕಷ್ಟವಾದರೂ ಬೇಕೆನ್ನುವ ಮಗುವಿಗೆ ಸಹಾಯ ಕೊಡಿಸಿ ಅದನ್ನು ಉಳಿಸಬೇಕು. ಬೇಡವೆಂದು ಮನಸಾರೆ ಹೇಳುವ ಮಗುವಿಗೆ, ಮುಚ್ಚುವ ಬಾಗಿಲುಗಳನ್ನು ತೋರಿಸಿದ ಮೇಲೆ, ಬಿಡಗೊಡಬೇಕು.

ಮಗುವಿನ ಅಭಿರುಚಿಯನ್ನು ತಿಳಿಯುವುದು ಹೇಗೆ? ಅಂಕಪಟ್ಟಿಯೊಂದೇ ಸಾಕ್ಷಿಯಾಗದು. ಬಾಯಿಪಾಠದಿಂದ ಬಂದ ಅಂಕಗಳೂ ಉಂಟು. ಒಬ್ಬ ಒಳ್ಳೆಯ ಉಪಾಧ್ಯಾಯರ ದೆಸೆಯಿಂದ ಬಂದ ಅಂಕಗಳೂ ಉಂಟು. ಯಾರೂ ಹೇಳದೆಯೇ ಮಗುವು ಯಾವ ಪುಸ್ತಕವನ್ನು ತೆರೆಯುತ್ತದೆ, ಯಾವ ಕೆಲಸದಲ್ಲಿ ತೊಡಗಿದಾಗ ಊಟದ ಹೊತ್ತನ್ನು ಮರೆಯುತ್ತದೆ ಎಂಬುದನ್ನು ಗಮನಿಸಿದವರಿಗೆ ಅರ್ಧ ಉತ್ತರ ದೊರೆಯುತ್ತದೆ. ಮಿಕ್ಕ ಅರ್ಧಕ್ಕೆ ಒಂದು ಸುಲಭವಾದ ಉಪಾಯವಿದೆ. ಪ್ರಥಮ ಪಿ.ಯು. ತರಗತಿಯ ಭೌತಶಾಸ್ತ್ರ, ಲೆಕ್ಕಶಾಸ್ತ್ರ, ಇತಿಹಾಸದ ಪಠ್ಯಪುಸ್ತಕಗಳನ್ನು ಪರಿಚಿತರಿಂದ ಎರವಲು ತಂದು, ಒಂದೊಂದರಲ್ಲಿ ಎರಡೆರಡು ಅಧ್ಯಾಯಗಳನ್ನು ಓದಿನೋಡಲು ಮಗುವಿಗೆ ಹೇಳಬೇಕು. ಲೆಕ್ಕಶಾಸ್ತ್ರವನ್ನು ಹೆಸರಿನಿಂದ ಮಾತ್ರ ಬಲ್ಲ ಮಗುವು ಅದನ್ನು ಇಷ್ಟಪಡುತ್ತದೋ ಇಲ್ಲವೋ ಎಂದು ಬೇರೆ ಹೇಗೆ ತಿಳಿದೀತು? ಹಾಗೆಯೇ, ಮಗುವು ಬಯಸುವ ವೃತ್ತಿಯಲ್ಲಿರುವ ಒಬ್ಬರನ್ನು ಕಂಡು, ಅವರ ಒಂದು ದಿನ ಹೇಗೆ ಕಳೆಯುತ್ತದೆಂದು ಕೇಳಿಬರುವುದು ಹತ್ತು ಜಾಹೀರಾತುಗಳಿಗಿಂತ ಮೇಲು.

ಹತ್ತನೆಯ ತರಗತಿಯ ತರುವಾಯ ಪಿ.ಯು. ಒಂದೇ ದಾರಿಯೆಂಬ ಭ್ರಮೆಯೂ ಬೇಡ. ಕೈಕೆಲಸದಲ್ಲಿ ಆಸಕ್ತಿಯುಳ್ಳವರು ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿ, ಡಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐ.ಟಿ.ಐ. ತರಬೇತಿಯು ಬೇಗನೆ ದುಡಿಮೆಗೆ ತೊಡಗಬೇಕಾದವರಿಗೆ ಗೌರವದ ಮಾರ್ಗ. ನೆರೆಹೊರೆಯವರು ಹೆಸರಿಸದ ವಿದ್ಯೆಗಳೂ ಇವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಮಾತು ಬಾರದವರಿಗೂ ಕಿವಿ ಕೇಳಿಸದವರಿಗೂ ನೆರವಾಗುವ ವಿದ್ಯೆಯನ್ನು ಪದವಿಮಟ್ಟದಲ್ಲಿ ಕಲಿಸುತ್ತಾರೆ. ಅದೇ ಊರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿ.ಯು. ಮುಗಿದೊಡನೆಯೇ ಉಪಾಧ್ಯಾಯ ಪದವಿಗೆ ಸೇರುವ ಅವಕಾಶವುಂಟು. ವೈದ್ಯನಾಗದ ವಿಜ್ಞಾನದ ವಿದ್ಯಾರ್ಥಿಗೆ ಮುಂದೆ ದಾರಿಯೇ ಇಲ್ಲವೆಂದು ದುಃಖಿಸುವವರು ಇಂತಹ ಸಂಸ್ಥೆಗಳನ್ನು ಒಮ್ಮೆ ನೋಡಿಬರಬೇಕು.

ಆರಿಸಿದ ವಿಷಯ ತಪ್ಪಾದರೆ ಬಾಳೇ ಕೆಟ್ಟಿತೆಂದು ಭಯಪಡಬೇಕಾಗಿಯೂ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪಡೆದದ್ದು ಬಿ.ಎ. ಪದವಿಯನ್ನು, ಎಂಜಿನಿಯರಿಂಗ್ ವಿದ್ಯೆಗೆ ಅವರು ಪುಣೆಗೆ ಹೋದದ್ದು ಆಮೇಲೆ. ಸರ್ ಸಿ.ವಿ. ರಾಮನ್ನರು 1907ರಲ್ಲಿ ಸೇರಿದ್ದು ಸರ್ಕಾರದ ಹಣಕಾಸಿನ ಇಲಾಖೆಯನ್ನು. ಕಚೇರಿಯ ಕೆಲಸ ಮುಗಿದ ಮೇಲೆ ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ದುಡಿಯುತ್ತ, 1917ರಲ್ಲಿ ಆ ಹುದ್ದೆಯನ್ನು ಬಿಟ್ಟು ಪ್ರಾಧ್ಯಾಪಕರಾದರು. ಅಂತಹವರ ಕಾಲ ಬೇರೆ ಎನ್ನಬಹುದು. ನಮ್ಮ ಕಾಲದಲ್ಲಿಯೂ ತಿದ್ದುಪಡಿಗೆ ಅವಕಾಶಗಳಿವೆ. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದದವರು ಅದನ್ನು ತರುವಾಯ ಹೆಚ್ಚುವರಿ ವಿಷಯವಾಗಿ ಮುಗಿಸಿದರೆ ನೀಟ್ ಪರೀಕ್ಷೆಗೆ ಅರ್ಹರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಪ್ರಕಟಿಸಿತು. ಆದರೆ ತಿರುಗಿ ತೆರೆಯುವ ಬಾಗಿಲಿಗೆ ಒಂದೆರಡು ವರ್ಷಗಳ ಬೆಲೆಯನ್ನು ತೆರಬೇಕಾಗುತ್ತದೆ. ಮೊದಲೇ ವಿಚಾರಿಸಿದವರಿಗೆ ಆ ಬೆಲೆ ಉಳಿಯುತ್ತದೆ.

ಕೊನೆಯದಾಗಿ, ಮನೆಯಲ್ಲಿ ಈ ಮಾತನ್ನು ಆಡುವ ರೀತಿಯ ವಿಷಯ. ಫಲಿತಾಂಶ ಬಂದ ದಿನವೇ ತೀರ್ಮಾನ ಬೇಡ; ಅಂದು ಸಂತೋಷವಾಗಲಿ ದುಃಖವಾಗಲಿ ಬುದ್ಧಿಗಿಂತ ಮುಂದಿರುತ್ತದೆ. ಸಾಧ್ಯವಾದರೆ ಪರೀಕ್ಷೆ ಮುಗಿದು ಫಲಿತಾಂಶ ಬರುವುದಕ್ಕೆ ಮುಂಚಿನ ವಾರಗಳಲ್ಲಿಯೇ ತಾಯಿ, ತಂದೆ, ಮಗು ಕುಳಿತು ಒಂದು ಕಾಗದದ ಮೇಲೆ ಬರೆದುಕೊಳ್ಳಬಹುದು: ಇಷ್ಟವಾದ ವಿಷಯಗಳು, ಕಷ್ಟವಾದ ವಿಷಯಗಳು, ಮನಸ್ಸಿನಲ್ಲಿರುವ ಎರಡು ಮೂರು ವೃತ್ತಿಗಳು, ಅವುಗಳಿಗೆ ಬೇಕಾದ ವಿಷಯಗಳು, ಖರ್ಚಿಗೆ ಮನೆಯ ಶಕ್ತಿ. ಖರ್ಚಿನ ವಿಚಾರವನ್ನು ಮಗುವಿನಿಂದ ಮುಚ್ಚಿಡಬೇಕಾಗಿಲ್ಲ. ಹದಿನಾರರ ಮಗುವಿಗೆ ಅದು ಅರ್ಥವಾಗುತ್ತದೆ. ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ತಾವೇ ಓದಿನೋಡುವುದು ತಾಯಿತಂದೆಗಳ ಕರ್ತವ್ಯ. ಇಷ್ಟೆಲ್ಲ ಆದ ಮೇಲೆ ಕೊನೆಯ ಮಾತನ್ನು ಮಗುವಿಗೆ ಬಿಡೋಣ. ಅರ್ಜಿಗೆ ರುಜು ಹಾಕುವವರು ನಾವಾದರೂ, ಎರಡು ವರ್ಷ ಬೆಳಗಿನ ಜಾವ ಎದ್ದು ಆ ಪುಸ್ತಕಗಳನ್ನು ಓದಬೇಕಾದವರು ಅವರೇ.