ಬಳ್ಳಿಗಾವೆ: ಕಲ್ಲಿನಲ್ಲಿ ಉಳಿದ ರಾಜಧಾನಿ

ಶಿರಾಳಕೊಪ್ಪದ ಪೇಟೆಯ ಗದ್ದಲವನ್ನು ದಾಟಿ ಎರಡು ಮೂರು ಕಿಲೋಮೀಟರು ಹೋದರೆ ಬಳ್ಳಿಗಾವಿ ಎಂಬ ಹಳ್ಳಿ ಸಿಗುತ್ತದೆ. ನೋಡಿದವರು ಇದೊಂದು ಮಹಾನಗರವಾಗಿತ್ತೆಂದು ನಂಬಲಾರರು. ಆದರೂ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ನಾಡಿಗೆ ಇದೇ ರಾಜಧಾನಿ. ಬಳ್ಳಿಗಾವೆ, ಬಳ್ಳಿಗ್ರಾಮ, ಬಳ್ಳಿಪುರ ಎಂದು ಹಲವು ಹೆಸರುಗಳಿಂದ ಕರೆದ ಶಾಸನಕವಿಗಳು ತೃಪ್ತರಾಗದೆ ಇದನ್ನು ‘ಅನಾದಿ ರಾಜಧಾನಿ’ ಎಂದೂ ಹೊಗಳಿದರು. ಅಲ್ಲಮಪ್ರಭುವಿನ ಹುಟ್ಟೂರೆಂದು ಪರಂಪರೆ ಹೇಳುವುದೂ ಇದನ್ನೇ.

ರಾಜಧಾನಿಯ ಹಿರಿಮೆಯನ್ನು ಕೋಟೆ ಅರಮನೆಗಳಿಂದ ಅಳೆಯುವುದು ರೂಢಿ. ಬಳ್ಳಿಗಾವೆಗೆ ಆ ಅಳತೆ ಸಲ್ಲದು. ಅದು ಯಾರಿಗೆ ನೆರಳಾಯಿತು ಎಂಬುದನ್ನು ಕೇಳಬೇಕು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಇಲ್ಲಿದ್ದುವೆಂದು ಶಾಸನ ಸಾರುತ್ತದೆ. ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಕ್ಷೀಣಿಸುತ್ತಿದ್ದ ಹನ್ನೊಂದನೆಯ ಶತಮಾನದಲ್ಲಿ, 1065ರಲ್ಲಿ, ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತೀಪ್ರಬುದ್ಧ ವಿಹಾರವನ್ನು ಕಟ್ಟಿಸಿದನು.

ಇದಕ್ಕಿಂತ ದೊಡ್ಡ ಸಾಕ್ಷಿ ಕೋಡಿಯ ಮಠದ್ದು. ದಕ್ಷಿಣ ಕೇದಾರವೆನಿಸಿದ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಕಾಳಾಮುಖ ಮಠವನ್ನು 1162ರ ಶಾಸನ ವರ್ಣಿಸುತ್ತದೆ. ಆಗ ಕಳಚುರಿ ಬಿಜ್ಜಳನ ಆಳ್ವಿಕೆ. ಮಠದ ಆಚಾರ್ಯ ವಾಮಶಕ್ತಿ. ಅಲ್ಲಿ ನಾಲ್ಕು ವೇದ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ವ್ಯಾಕರಣವೆಂದರೆ ಪಾಣಿನೀಯವೊಂದೇ ಅಲ್ಲ, ಜೈನ ಶಾಕಟಾಯನನ ವ್ಯಾಕರಣವೂ ಉಂಟು. ಅದೇ ಅಂಗಳದಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ಜೈನ ಕ್ಷಪಣಕರಿಗೂ ಅನ್ನ, ರೋಗಿಗಳಿಗೆ ಔಷಧ, ಹೆದರಿ ಬಂದವರಿಗೆ ಅಭಯ. ಹಳಗನ್ನಡ ಪಾಠ ಹೇಳುವ ನಾನು ಈ ಪಟ್ಟಿಯನ್ನು ಓದುವಾಗಲೆಲ್ಲ ಒಂದು ಮಾತು ಹೊಳೆಯುತ್ತದೆ: ಪಾಠಶಾಲೆಯೂ ಅನ್ನಛತ್ರವೂ ಬೇರೆ ಬೇರೆ ಎಂಬ ಭಾವನೆ ಆ ಊರಿಗಿರಲಿಲ್ಲ.

ಸರಿಸುಮಾರು ಅದೇ ಕಾಲದಲ್ಲಿ ಫ್ರಾನ್ಸ್ ದೇಶದ ಶಾರ್ತ್ರ್ ಎಂಬ ಸಣ್ಣ ನಗರವೂ ವಿದ್ಯೆಗೆ ಹೆಸರಾಗಿತ್ತು. ಅಲ್ಲಿಯ ಮಹಾಮಂದಿರದ ಬಾಗಿಲ ಮೇಲೆ ಶಿಲ್ಪಿಗಳು ವ್ಯಾಕರಣವನ್ನು ಶಿಷ್ಯರಿಗೆ ಪಾಠ ಹೇಳುವ ಸ್ತ್ರೀಯಾಗಿ ಕಡೆದಿದ್ದಾರೆ. ಆ ಬಾಗಿಲನ್ನು ಕಾಣಲು ಲೋಕವೇ ಹೋಗುತ್ತದೆ. ನಮ್ಮ ವ್ಯಾಕರಣವೂ ಕಲ್ಲಿನ ಮೇಲೆಯೇ ಇದೆ, ಕಾಣಹೋಗುವವರು ವಿರಳ.

ಹೋದವರಿಗೆ ನಿರಾಶೆಯಿಲ್ಲ. ಕೇದಾರೇಶ್ವರ ಮೂರು ಗರ್ಭಗೃಹಗಳ ತ್ರಿಕೂಟಾಲಯ. ತ್ರಿಪುರಾಂತಕ ದೇವಾಲಯದ ಜಾಲಂಧ್ರಗಳು ಕಲ್ಲನ್ನು ಬಟ್ಟೆಯಂತೆ ನೇಯ್ದ ಕೆಲಸ; ಅದರ ಗೋಡೆಯಲ್ಲಿ ಪಂಚತಂತ್ರದ ಪ್ರಾಣಿಗಳೂ ಮಾತನಾಡುತ್ತವೆ. ಊರಲ್ಲಿ 1047ರ ಭೇರುಂಡ ಸ್ತಂಭವಿದೆ. ಅದನ್ನು ನಿಲ್ಲಿಸಿದವನು ಮಹಾಮಂಡಲೇಶ್ವರ ಚಾವುಂಡರಾಯ. ಅಲ್ಲಿಯ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅದೇ ಗಂಡಭೇರುಂಡ ಇಂದು ನಮ್ಮ ರಾಜ್ಯದ ಲಾಂಛನದಲ್ಲಿದೆ. ಸರ್ಕಾರಿ ಕಾಗದದ ತಲೆಯಲ್ಲಿ ದಿನವೂ ಅದನ್ನು ಕಾಣುವ ನಾವು, ಈ ಕಂಬವನ್ನು ಎಷ್ಟು ಮಂದಿ ಕಂಡಿದ್ದೇವೆ?

ನಮ್ಮ ಕಾಲೇಜುಗಳ ಪ್ರವಾಸಗಳೆಲ್ಲ ಬೇಲೂರಿಗೆ. ಹೋಗಲಿ, ಸಂತೋಷವೇ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಆ ಚೆನ್ನಕೇಶವನ ಗುಡಿಯ ಮದನಿಕೆಯರ ಪಾದಪೀಠವನ್ನು ಬಗ್ಗಿ ಓದಬೇಕು. ಬಳ್ಳಿಗ್ರಾಮದ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಅಲ್ಲಿವೆ. ಹೊಯ್ಸಳರ ಕೆಲಸಕ್ಕೆ ಹೋದ ಶಿಲ್ಪಿ ತನ್ನ ಹೆಸರಿನೊಡನೆ ಊರಿನ ಹೆಸರನ್ನೂ ಕಲ್ಲಿಗೆ ಒಪ್ಪಿಸಿದನು. ಅಷ್ಟು ಅಭಿಮಾನ ಅವನಿಗೆ.

ಬಿ. ಎಲ್. ರೈಸ್ ಈ ಶಾಸನಗಳನ್ನು 1902ರಲ್ಲಿಯೇ ಅಚ್ಚಿಗೆ ತಂದರು. ಓದುವ ಕೆಲಸ ಮಾತ್ರ ನಮ್ಮ ಪಾಲಿಗೆ ಉಳಿದಿದೆ. ಒಬ್ಬ ವಿದ್ಯಾರ್ಥಿ ಒಂದೇ ಒಂದು ಕಲ್ಲನ್ನು ಅಕ್ಷರ ಕೂಡಿಸಿ ತಾನೇ ಓದಿದರೆ, ಅವನ ಪಾಲಿಗೆ ಬಳ್ಳಿಗಾವೆ ಮತ್ತೆ ರಾಜಧಾನಿಯಾಗುತ್ತದೆ.